ಬೆಂಗಳೂರಿನಲ್ಲಿ ಕಡಿಮೆ ದುಡ್ಡಿಗೆ ಹೊಟ್ಟೆ ತುಂಬ ಉಣ್ಣುವುದು ಹೇಗೆ: ತುಮಕೂರಿನವರಿಗೊಂದು ಸಮಗ್ರ ಮಾರ್ಗದರ್ಶಿ

ಅಮ್ಮನನ್ನು ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿದ ಮೊದಲ ಮೂರು ದಿನಗಳನ್ನು ನಾನು ಬನ್ನು, ಬಿಸ್ಕತ್ತು, ಚಹಾದಲ್ಲೇ ಕಳೆದೆ. ಗೇಟಿನ ಎದುರಿನ ಹೋಟೆಲಿನಲ್ಲಿ ಒಂದು ತಟ್ಟೆ ಅನ್ನ ಸಾಂಬಾರಿನ ಬೆಲೆ ಕೇಳಿ, ಆ ದುಡ್ಡು ಔಷಧಿಗಾದರೂ ಆಗಲಿ ಎಂದುಕೊಂಡು ಹಿಂದಿರುಗಿದ್ದೆ. ನಾಲ್ಕನೆಯ ದಿನ ಪಕ್ಕದ ಹಾಸಿಗೆಯ ರೋಗಿಯ ಜೊತೆಗಿದ್ದ ಪಾವಗಡದ ಹಿರಿಯರೊಬ್ಬರು ನನ್ನ ಮುಖ ನೋಡಿ, ಕೈ ಹಿಡಿದು ಎಬ್ಬಿಸಿ, ಎರಡು ಬೀದಿ ದಾಟಿಸಿ ಒಂದು ಗಲ್ಲಿಯೊಳಗೆ ಕರೆದುಕೊಂಡು ಹೋದರು. ಅಲ್ಲಿ ಆಟೋ ಚಾಲಕರು, ವಾರ್ಡಿನ ಆಯಾಗಳು, ಸಮವಸ್ತ್ರದಲ್ಲೇ ಬಂದಿದ್ದ ಭದ್ರತಾ ಸಿಬ್ಬಂದಿ ಸಾಲಾಗಿ ನಿಂತಿದ್ದರು. ಮುದ್ದೆ, ಹುರುಳಿಕಾಳಿನ ಸಾರು, ಅನ್ನ, ಮಜ್ಜಿಗೆ. ಗೇಟಿನೆದುರು ಕೇಳಿದ ಬೆಲೆಯ ಅರ್ಧಕ್ಕೆ ಹೊಟ್ಟೆಯೂ ತುಂಬಿತು, ಕಣ್ಣೂ ತುಂಬಿತು.

ಅದಾದ ಮೇಲೆ ಹಲವು ವರ್ಷ ಕೆಲಸಕ್ಕಾಗಿ ತುಮಕೂರಿನಿಂದ ಬೆಂಗಳೂರಿಗೆ ದಿನವೂ ಓಡಾಡಿದೆ. ಎಪ್ಪತ್ತು ಕಿಲೋಮೀಟರ್ ದೂರದ ಆ ಊರಿಗೆ ನಮ್ಮ ಜಿಲ್ಲೆಯಿಂದ ಹೋಗುವವರು ಎಷ್ಟು ಜನ! ಪೀಣ್ಯದ ಕಾರ್ಖಾನೆಗೆ, ಯಶವಂತಪುರದ ಮಾರುಕಟ್ಟೆಗೆ, ಹೈಕೋರ್ಟಿಗೆ, ಪರೀಕ್ಷೆಗೆ, ಆಸ್ಪತ್ರೆಗೆ. ಅವರಲ್ಲಿ ಬಹಳ ಮಂದಿ ಅಲ್ಲಿ ಉಪವಾಸ ಬೀಳುತ್ತಾರೆ, ಇಲ್ಲವೇ ಹಾಳುಮೂಳು ತಿಂದು ದುಡ್ಡು ಕಳೆದುಕೊಳ್ಳುತ್ತಾರೆ. ಇದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಬೆಂಗಳೂರಿನಲ್ಲಿ ಒಳ್ಳೆಯ ಊಟ ದುಬಾರಿಯೇನಲ್ಲ. ದುಬಾರಿಯಾಗಿರುವುದು ನಾವು ಬಸ್ಸಿನಿಂದ ಇಳಿದ ಕೂಡಲೇ ಕಣ್ಣಿಗೆ ಬೀಳುವ ಮೊದಲ ಸಾಲು.

ಹೊರಡುವ ಮೊದಲು

ಹಿಂದಿನ ರಾತ್ರಿಯೇ ಎರಡು ವಿಷಯ ತೀರ್ಮಾನಿಸಿ: ನಿಮ್ಮ ಕೆಲಸ ಯಾವ ಬಡಾವಣೆಯಲ್ಲಿದೆ, ಊಟದ ಹೊತ್ತಿಗೆ ನೀವು ಎಲ್ಲಿರುತ್ತೀರಿ. ಬೆಂಗಳೂರಿನಲ್ಲಿ ಒಂದು ದೋಸೆಗಾಗಿ ಆರು ಕಿಲೋಮೀಟರ್ ಹೋದರೆ ದೋಸೆಗಿಂತ ಆಟೋದ ಬಾಡಿಗೆಯೇ ಹೆಚ್ಚಾಗುತ್ತದೆ. ಆದ್ದರಿಂದ ಊಟದ ಜಾಗವನ್ನು ಕೆಲಸದ ಜಾಗದಿಂದ ಹತ್ತು ನಿಮಿಷದ ನಡಿಗೆಯೊಳಗೆ ಹುಡುಕಬೇಕು, ಅಥವಾ ಹೋಗುವ ದಾರಿಯ ಮೆಟ್ರೋ ನಿಲ್ದಾಣದ ಬಳಿ.

ಚೀಲದಲ್ಲಿ ನೀರಿನ ಬಾಟಲಿ ಮತ್ತು ಬಿಗಿಯಾದ ಮುಚ್ಚಳವಿರುವ ಒಂದು ಸ್ಟೀಲ್ ಡಬ್ಬಿ ಇರಲಿ. ಡಬ್ಬಿ ತಂದವರಿಗೆ ಅನೇಕ ಮೆಸ್‌ಗಳಲ್ಲಿ ಪಾರ್ಸೆಲ್‌ನ ಹೆಚ್ಚುವರಿ ಹಣ ಕೇಳುವುದಿಲ್ಲ. ಬಿಸಿ ಸಾರನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಸಿಕೊಳ್ಳುವ ಪ್ರಮೇಯವೂ ಬರುವುದಿಲ್ಲ. ಐದು, ಹತ್ತು, ಇಪ್ಪತ್ತರ ಚಿಲ್ಲರೆ ನೋಟುಗಳೂ ಬೇಕು. ಮೊಬೈಲ್ ಪಾವತಿ ಎಲ್ಲ ಕಡೆ ನಡೆಯುತ್ತದೆ ನಿಜ, ಆದರೆ ಆಸ್ಪತ್ರೆಯ ಎರಡನೆಯ ದಿನಕ್ಕೆ ಮೊಬೈಲಿನಲ್ಲಿ ಚಾರ್ಜ್ ಇರುವುದಿಲ್ಲ.

ನಾಲಿಗೆಯ ಅಳತೆಗೋಲು

ನಮ್ಮ ಊರಿನವರಿಗೆ ಒಂದು ಅನುಕೂಲವಿದೆ. ಕ್ಯಾತಸಂದ್ರದ ತಟ್ಟೆ ಇಡ್ಲಿ ತಿಂದು ಬೆಳೆದವರಿಗೆ ಇಡ್ಲಿಯ ವಿಷಯದಲ್ಲಿ ಯಾರೂ ಮೋಸ ಮಾಡಲಾರರು. ಅದು ಹೇಗಿರುತ್ತದೆಂದು ನೆನಪಿಸಿಕೊಳ್ಳಿ: ಬೆರಳಿನಲ್ಲಿ ಒತ್ತಿದರೆ ತಗ್ಗಿ ಮತ್ತೆ ಮೇಲೇಳುತ್ತದೆ, ಮುರಿದರೆ ಒಳಗೆ ಸ್ಪಂಜಿನಂತೆ ಸಣ್ಣ ಸಣ್ಣ ರಂಧ್ರಗಳು, ಹುದುಗು ಬಂದ ಹಿಟ್ಟಿನ ಎಳೆಯ ಹುಳಿ ಮೂಗಿಗೆ ತಾಕುತ್ತದೆ, ಮೇಲಿಟ್ಟ ಬೆಣ್ಣೆ ಶಾಖಕ್ಕೆ ತಾನಾಗಿ ಕರಗುತ್ತದೆ. ಬೆಂಗಳೂರಿನ ಹೊಸ ಹೋಟೆಲಿಗೆ ಹೋದಾಗ ಮೊದಲು ಒಂದೇ ಒಂದು ಇಡ್ಲಿ ತರಿಸಿ ಇದೇ ಪರೀಕ್ಷೆ ಮಾಡಿ. ಹಿಟ್ಟಿನಂತೆ ಅಂಟಿದರೆ, ಸೋಡಾದ ವಾಸನೆ ಬಂದರೆ, ಕಾಫಿ ಕುಡಿದು ಎದ್ದುಬಿಡಿ. ಇಡ್ಲಿ ಚೆನ್ನಾಗಿದ್ದರೆ ಅಲ್ಲಿ ವಡೆಯನ್ನೂ ದೋಸೆಯನ್ನೂ ನಂಬಬಹುದು, ಏಕೆಂದರೆ ಬೇಳೆ ನೆನೆಸಿ ರುಬ್ಬುವ ಕೆಲಸದಲ್ಲಿ ಶ್ರದ್ಧೆ ಇರುವ ಅಡುಗೆಮನೆ ಅದು.

ಇಡ್ಲಿಯ ತಳವನ್ನೂ ತಿರುಗಿಸಿ ನೋಡಿ. ಬಟ್ಟೆಯ ಮೇಲೆ ಬೆಂದ ಇಡ್ಲಿಯ ತಳದಲ್ಲಿ ನೂಲಿನ ನೇಯ್ಗೆಯ ಗುರುತು ಇರುತ್ತದೆ. ತಳ ಗಾಜಿನಂತೆ ನುಣುಪಾಗಿ ಹೊಳೆಯುತ್ತಿದ್ದರೆ ಪ್ಲಾಸ್ಟಿಕ್ ಹಾಳೆ ಹಾಸಿರಬಹುದೇ ಎಂದು ವಿಚಾರಿಸಲೇಬೇಕು. ಬಿಸಿ ಹಬೆಯಲ್ಲಿ ಪ್ಲಾಸ್ಟಿಕ್ಕಿನ ವಿಷಕಾರಿ ಅಂಶ ಆಹಾರಕ್ಕೆ ಸೇರುತ್ತದೆ ಎಂಬ ಕಾರಣಕ್ಕೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಇಡ್ಲಿ ತಯಾರಿಕೆಯಲ್ಲಿ ಅದರ ಬಳಕೆಯನ್ನು ನಿಷೇಧಿಸಿದೆ. ಕೇಳಲು ಸಂಕೋಚ ಬೇಡ. ಬಟ್ಟೆ ಬಳಸುವವರು ಸಂತೋಷದಿಂದ ತೋರಿಸುತ್ತಾರೆ.

‘ತುಮಕೂರು ತಟ್ಟೆ ಇಡ್ಲಿ’ ಎಂಬ ಫಲಕ ನಗರದಲ್ಲಿ ಬೇಕಾದಷ್ಟು ಕಡೆ ಸಿಗುತ್ತದೆ. ಅದನ್ನು ನೋಡಿ ಕರುಳು ಮಿಡಿಯುವುದು ಸಹಜ. ನನಗೂ ಹಾಗೆಯೇ ಆಗುತ್ತದೆ. ಆದರೂ ತಳ ತಿರುಗಿಸಿ ನೋಡಿ.

ಬೆಲೆಗೂ ಊರಿನದೇ ಅಳತೆ ಸಾಕು. ದರಪಟ್ಟಿಯ ಅಂಕಿಗಳು ವರ್ಷವರ್ಷವೂ ಏರುತ್ತವೆ, ಹಾಗಾಗಿ ರೂಪಾಯಿಯ ಲೆಕ್ಕ ಇಲ್ಲಿ ಬರೆದರೆ ಬೇಗ ಹಳಸುತ್ತದೆ. ನಿಮ್ಮ ಮನೆ ಹತ್ತಿರದ ಹೋಟೆಲಿನ ಕಾಫಿ, ಎರಡು ಇಡ್ಲಿ, ಮಸಾಲೆ ದೋಸೆ, ಊಟ ಈ ನಾಲ್ಕರ ಬೆಲೆಯನ್ನು ನೆನಪಿನಲ್ಲಿಡಿ. ಬೆಂಗಳೂರಿನಲ್ಲಿ ಅದಕ್ಕೆ ಕಾಲು ಭಾಗ ಹೆಚ್ಚಾದರೆ ನ್ಯಾಯ. ಒಂದೂವರೆ ಪಟ್ಟು ದಾಟಿತೆಂದರೆ ಕಟ್ಟಡದ ಬಾಡಿಗೆಯನ್ನೂ ಹವಾನಿಯಂತ್ರಣದ ವಿದ್ಯುತ್ತನ್ನೂ ನೀವು ಕಟ್ಟುತ್ತಿದ್ದೀರಿ ಎಂದು ನಾನು ಲೆಕ್ಕ ಹಾಕುತ್ತೇನೆ.

ಎರಡು ಬೀದಿ ಒಳಗೆ

ಪಾವಗಡದ ಆ ಹಿರಿಯರಿಂದ ಕಲಿತದ್ದು ಇದು. ಬಸ್ ನಿಲ್ದಾಣ, ರೈಲು ನಿಲ್ದಾಣ, ಆಸ್ಪತ್ರೆಯ ಗೇಟು, ದೊಡ್ಡ ದೇವಸ್ಥಾನದ ಬಾಗಿಲು ಇವುಗಳಿಗೆ ಮುಖ ಮಾಡಿ ನಿಂತ ಹೋಟೆಲುಗಳಲ್ಲಿ ಬಾಡಿಗೆ ಜಾಸ್ತಿ, ಬರುವ ಗಿರಾಕಿ ಮತ್ತೆ ಬರುವವನಲ್ಲ. ಒಮ್ಮೆ ಮಾತ್ರ ಬರುವವನಿಗೆ ಚೆನ್ನಾಗಿ ಬಡಿಸಬೇಕೆಂಬ ಒತ್ತಡ ಮಾಲೀಕನಿಗಿಲ್ಲ. ಎರಡು ಬೀದಿ ಒಳಗಿರುವ ಹೋಟೆಲು ಬದುಕಿರುವುದೇ ದಿನವೂ ಬರುವ ಇನ್ನೂರು ಜನರಿಂದ. ಸಾರು ಒಂದು ದಿನ ಕೆಟ್ಟರೆ ಮರುದಿನ ಐವತ್ತು ಜನ ಕಡಿಮೆಯಾಗುತ್ತಾರೆ.

ಮೆಜೆಸ್ಟಿಕ್‌ನಲ್ಲಿ ಇದನ್ನು ಪ್ರಯೋಗಿಸಿ ನೋಡಿ. ನಿಲ್ದಾಣದ ಎದುರಿನ ಹೊಳೆಯುವ ಫಲಕಗಳನ್ನು ಬಿಟ್ಟು ಗಾಂಧಿನಗರದ ಅಡ್ಡರಸ್ತೆಗಳಿಗೆ ಅಥವಾ ಬಳೇಪೇಟೆ, ಚಿಕ್ಕಪೇಟೆಯ ಕಡೆಗೆ ನಡೆಯಿರಿ. ಬಟ್ಟೆ ಅಂಗಡಿಯ ಗುಮಾಸ್ತರು, ಮೂಟೆ ಹೊರುವವರು, ಮುದ್ರಣಾಲಯದ ಕೆಲಸಗಾರರು ಮಧ್ಯಾಹ್ನ ಎಲ್ಲಿಗೆ ತಿರುಗುತ್ತಾರೋ ಅಲ್ಲಿಗೆ ತಿರುಗಿ. ಅಂಗಡಿಯವರನ್ನು ಕೇಳುವುದಾದರೆ ‘ಇಲ್ಲಿ ಒಳ್ಳೆಯ ಹೋಟೆಲ್ ಯಾವುದು’ ಎಂದು ಕೇಳಬೇಡಿ. ಆಗ ಅವರು ಹೆಸರುವಾಸಿಯಾದದ್ದನ್ನೇ ತೋರಿಸುತ್ತಾರೆ. ‘ನೀವು ಎಲ್ಲಿ ಊಟ ಮಾಡುತ್ತೀರಿ’ ಎಂದು ಕೇಳಿ. ಉತ್ತರ ಬೇರೆಯೇ ಬರುತ್ತದೆ. ನನ್ನ ಅತ್ಯುತ್ತಮ ಊಟಗಳ ವಿಳಾಸ ಸಿಕ್ಕಿದ್ದು ಹೀಗೆ, ಒಬ್ಬ ಬೀಗ ರಿಪೇರಿಯವರಿಂದ, ಒಬ್ಬ ಹೂವಾಡಗಿತ್ತಿಯಿಂದ.

ಐದು ನಿಮಿಷ ನಿಂತು ನೋಡಿ

ಟೋಕನ್ ತೆಗೆದುಕೊಳ್ಳುವ ಮೊದಲು ಬದಿಗೆ ನಿಂತು ಗಮನಿಸುವ ಅಭ್ಯಾಸ ಮಾಡಿಕೊಳ್ಳಿ. ಬೆಂಗಳೂರಿನ ದರ್ಶಿನಿಗಳು ಇದಕ್ಕೆ ತಕ್ಕ ಜಾಗ. 1980ರ ದಶಕದಲ್ಲಿ ಹುಟ್ಟಿ ಬೆಳೆದ ಈ ಪದ್ಧತಿಯಲ್ಲಿ ಮೊದಲು ದುಡ್ಡು, ಆಮೇಲೆ ತಿಂಡಿ, ನಿಂತುಕೊಂಡೇ ತಿನ್ನುವುದು. ಮಾಣಿಗಳಿಲ್ಲ, ಕುರ್ಚಿಗಳು ಕಡಿಮೆ, ಒಂದೇ ಮೇಜಿಗೆ ಗಂಟೆಗೆ ಹತ್ತಾರು ಗಿರಾಕಿಗಳು. ಬೆಲೆ ಇಳಿಯುವುದು ಆ ಕಾರಣಕ್ಕೆ. ಅಡುಗೆಮನೆಯೂ ಬಹುಪಾಲು ಕಡೆ ಕಣ್ಣೆದುರೇ ಇರುತ್ತದೆ.

ನಾನು ಮೊದಲು ನೋಡುವುದು ಚಟ್ನಿಯ ಪಾತ್ರೆ. ಚಟ್ನಿ ಬೇಗ ಹಳಸುವ ಪದಾರ್ಥ. ಸಣ್ಣ ಪಾತ್ರೆಯಲ್ಲಿಟ್ಟು ಮತ್ತೆ ಮತ್ತೆ ಒಳಗಿನಿಂದ ಹೊಸದಾಗಿ ತರುತ್ತಿದ್ದರೆ ಒಳ್ಳೆಯ ಲಕ್ಷಣ. ದೊಡ್ಡ ಬಕೆಟ್ ತುಂಬ ಇಟ್ಟು, ಮೇಲೆ ನೀರು ಬೇರ್ಪಟ್ಟು ನಿಂತಿದ್ದರೆ ಅದು ಬೆಳಗಿನದು. ತಿಪಟೂರಿನ ತೆಂಗಿನ ಜಿಲ್ಲೆಯವರಾದ ನಮಗೆ ಇದನ್ನು ವಿವರಿಸಬೇಕಿಲ್ಲ. ಕಾಯಿ ಮುಗ್ಗಿದೆಯೇ ಎಂಬುದು ಮೊದಲ ತುತ್ತಿಗೇ ತಿಳಿಯುತ್ತದೆ.

ಆಮೇಲೆ ಎಂಜಲು ತಟ್ಟೆಗಳ ಕಡೆ ಕಣ್ಣು ಹಾಯಿಸಿ. ಅವುಗಳಲ್ಲಿ ಏನು ಉಳಿದಿದೆ? ಎಲ್ಲರೂ ಪಲ್ಯವನ್ನು ಬಿಟ್ಟಿದ್ದರೆ ನೀವೂ ಪಲ್ಯ ಬೇಡವೆನ್ನಬಹುದು. ತೊಳೆಯುವ ಜಾಗದಲ್ಲಿ ನಲ್ಲಿಯ ನೀರು ಹರಿಯುತ್ತಿದೆಯೇ, ಇಲ್ಲ ಒಂದೇ ತೊಟ್ಟಿಯ ನೀರಿನಲ್ಲಿ ಎಲ್ಲವನ್ನೂ ಅದ್ದುತ್ತಿದ್ದಾರೆಯೇ? ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಸಂಖ್ಯೆಯಿರುವ ಪ್ರಮಾಣಪತ್ರ ತೂಗುಹಾಕಿರಬೇಕು. ಅದಿದ್ದ ಮಾತ್ರಕ್ಕೆ ರುಚಿ ಬಂದುಬಿಡುವುದಿಲ್ಲ. ಆದರೆ ಆಹಾರ ಕೆಟ್ಟು ತೊಂದರೆಯಾದರೆ ದೂರು ಕೊಡಲು ಆ ಸಂಖ್ಯೆಯೇ ಆಧಾರ.

ಕಣ್ಣಿಗೆ ಹೊಡೆಯುವ ಕೆಂಪು ಗೋಬಿ ಮಂಚೂರಿ, ಕೆಂಪು ಕಬಾಬ್ ಕಂಡರೆ ಮುಂದಕ್ಕೆ ನಡೆಯಿರಿ. ಇವೆರಡಕ್ಕೂ ಕೃತಕ ಬಣ್ಣ ಹಾಕುವುದನ್ನು ರಾಜ್ಯ ಸರ್ಕಾರ 2024ರಲ್ಲೇ ನಿಷೇಧಿಸಿದೆ.

ಹೊತ್ತಿನ ಲೆಕ್ಕವೂ ಮುಖ್ಯ. ಬೆಳಿಗ್ಗೆ ಏಳೂವರೆಯಿಂದ ಒಂಬತ್ತೂವರೆ, ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡು, ಇವು ಅಡುಗೆ ಬಿಸಿಯಾಗಿ ಓಡಾಡುವ ಸಮಯ. ಮೂರು ಗಂಟೆಗೆ ಊಟಕ್ಕೆ ಕೂತರೆ ಪಾತ್ರೆಯ ತಳ ಸಿಗುತ್ತದೆ. ಆ ಹೊತ್ತಿಗೆ ಹಸಿದಿದ್ದರೆ ಅನ್ನ ಬಿಟ್ಟು ದೋಸೆ ಕೇಳಿ. ಅದನ್ನು ಆಗಲೇ ಹೊಯ್ಯಬೇಕು, ಬೇರೆ ದಾರಿಯಿಲ್ಲ.

ಹಸಿರು ಮಾರ್ಗದ ಗುಂಟ

ತುಮಕೂರು ರಸ್ತೆಯಲ್ಲಿ ಬರುವವರಿಗೆ ಮೆಟ್ರೋದ ಹಸಿರು ಮಾರ್ಗ ವರದಾನ. 2024ರ ನವೆಂಬರಿನಿಂದ ಅದು ಮಾದಾವರದವರೆಗೆ ಬಂದಿದೆ. ಬಸ್ಸಿನಲ್ಲಿ ಮೆಜೆಸ್ಟಿಕ್‌ವರೆಗೆ ತೆವಳುವ ಬದಲು ಮಾದಾವರದಲ್ಲೋ ನಾಗಸಂದ್ರದಲ್ಲೋ ಇಳಿದು ರೈಲು ಹತ್ತಿದರೆ ನಗರದ ಒಳ್ಳೆಯ ತಿಂಡಿಯ ಜಾಗಗಳಲ್ಲಿ ಅನೇಕವು ಆ ಗೆರೆಯ ಆಚೀಚೆಯೇ ಸಿಗುತ್ತವೆ. ರೈಲಿನೊಳಗೆ ತಿನ್ನುವಂತಿಲ್ಲ ಎಂಬುದು ನೆನಪಿರಲಿ.

ಪೀಣ್ಯದಲ್ಲಿ ಕಾರ್ಖಾನೆಯ ಪಾಳಿ ಬದಲಾಗುವ ಹೊತ್ತಿಗೆ ತೆರೆಯುವ ಸಣ್ಣ ಹೋಟೆಲುಗಳಲ್ಲಿ ಚಿತ್ರಾನ್ನ, ಪಲಾವ್, ಮುದ್ದೆ ಅಗ್ಗ. ಯಶವಂತಪುರದ ಎಪಿಎಂಸಿ ಯಾರ್ಡಿಗೆ ಮಾಲು ತರುವ ನಮ್ಮ ರೈತರಿಗೆ ಗೊತ್ತಿರುವ ಸಂಗತಿ: ಹಮಾಲರು ಉಣ್ಣುವ ಹೋಟೆಲು ಬೆಳಗಿನ ಜಾವವೇ ಒಲೆ ಹಚ್ಚುತ್ತದೆ, ಅಳತೆಯಲ್ಲಿ ಜಿಪುಣತನ ಮಾಡುವುದಿಲ್ಲ. ಇಡೀ ದಿನ ಮೂಟೆ ಹೊರುವವರಿಗೆ ಅರ್ಧ ಹೊಟ್ಟೆ ಬಡಿಸಿ ಯಾರೂ ಅಲ್ಲಿ ವ್ಯಾಪಾರ ಮಾಡಲಾರರು.

ಸಂಪಿಗೆ ರಸ್ತೆಯ ನಿಲ್ದಾಣದಲ್ಲಿ ಇಳಿದರೆ ಮಲ್ಲೇಶ್ವರ. ಮಾರ್ಗೋಸಾ ರಸ್ತೆಗುಂಟ ನಡೆಯಬೇಕು. ಏಳನೇ ಅಡ್ಡರಸ್ತೆಯ ಬಳಿ ಸಿಟಿಆರ್‌ನ ಬೆಣ್ಣೆ ಮಸಾಲೆ ದೋಸೆ, ಹದಿನೈದನೇ ಅಡ್ಡರಸ್ತೆಯ ಬಳಿ ವೀಣಾ ಸ್ಟೋರ್ಸ್‌ನ ಇಡ್ಲಿ. ಭಾನುವಾರ ಸಿಟಿಆರ್‌ನಲ್ಲಿ ಕಾಯುವ ಜನರನ್ನು ನೋಡಿದರೆ ಹಸಿವು ಇಂಗಿಹೋಗುತ್ತದೆ, ವಾರದ ದಿನ ಹೋಗಿ. ವೀಣಾ ಸ್ಟೋರ್ಸ್‌ನಲ್ಲಿ ಕೂರಲು ಜಾಗವಿಲ್ಲ, ಬೀದಿಬದಿಯಲ್ಲಿ ನಿಂತೇ ತಿನ್ನಬೇಕು. ವಯಸ್ಸಾದವರು ಜೊತೆಗಿದ್ದರೆ ಇದನ್ನು ಮೊದಲೇ ಯೋಚಿಸಿ.

ನ್ಯಾಷನಲ್ ಕಾಲೇಜು ನಿಲ್ದಾಣ ನನ್ನ ಪಾಲಿಗೆ ತಿಂಡಿಯ ತವರು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಿಂದ ಇದೆ, ದಪ್ಪನೆಯ ಗರಿಗರಿ ದೋಸೆಗೆ ಹೆಸರುವಾಸಿ, ಶುಕ್ರವಾರ ರಜೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರದು. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಚಹಾ ಬಿಟ್ಟರೆ ಬೇರೇನೂ ಇಲ್ಲ, ಸಾಂಬಾರೂ ಇಲ್ಲ. ಐದಾರು ಪದಾರ್ಥಗಳನ್ನು ಮಾತ್ರ ಮಾಡುವ ಅಡುಗೆಮನೆಯನ್ನು ನಾನು ನೂರು ಪದಾರ್ಥಗಳ ಪಟ್ಟಿಯಿರುವ ಅಡುಗೆಮನೆಗಿಂತ ಹೆಚ್ಚು ನಂಬುತ್ತೇನೆ. ಪಟ್ಟಿ ಉದ್ದವಾದಷ್ಟೂ ಫ್ರಿಜ್ಜು ದೊಡ್ಡದಿರುತ್ತದೆ, ಅದರೊಳಗಿನ ಗ್ರೇವಿ ಹಳೆಯದಿರುತ್ತದೆ.

1924ರಲ್ಲಿ ಆರಂಭವಾದ ಲಾಲ್‌ಬಾಗ್ ರಸ್ತೆಯ ಎಂಟಿಆರ್ ಈ ಬರಹದ ಬೆಲೆಯ ಮಿತಿಗೆ ಸಿಕ್ಕುವುದಿಲ್ಲ. ಆದರೂ ಜೀವನದಲ್ಲೊಮ್ಮೆ ಅಲ್ಲಿನ ರವೆ ಇಡ್ಲಿ ತಿನ್ನಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ಅವರು ರವೆಯಲ್ಲಿ ಇಡ್ಲಿ ಮಾಡಿದರು, ಇಂದು ನಮ್ಮ ಸಣ್ಣಪುಟ್ಟ ಊರುಗಳ ಹೋಟೆಲುಗಳಲ್ಲೂ ಅದು ಸಿಗುತ್ತದೆ. ಎಂಟಿಆರ್‌ಗೆ ಸೋಮವಾರ ರಜೆ.

ಮಧ್ಯಾಹ್ನ: ಮುದ್ದೆ ಬೇಕೆನಿಸಿದಾಗ

ದರ್ಶಿನಿಯ ಸಾಂಬಾರು ನಮ್ಮವರಿಗೆ ಸಿಹಿ ಎನಿಸುತ್ತದೆ. ಬಸ್ಸಾರು, ಉಪ್ಪೆಸರು, ಅವರೆಕಾಳಿನ ಸಾರು ಉಂಡ ನಾಲಿಗೆಗೆ ಎರಡು ದಿನದಲ್ಲೇ ಬೇಸರ ಬರುತ್ತದೆ. ಆಗ ಮುದ್ದೆಯ ಹೋಟೆಲು ಹುಡುಕಬೇಕು. ಮಾಂಸಾಹಾರಿಗಳಿಗೆ ಮಿಲಿಟರಿ ಹೋಟೆಲುಗಳಿವೆ. ಮುದ್ದೆ, ತಲೆಮಾಂಸ, ಕಾಲುಸೂಪು, ದೊನ್ನೆ ಬಿರಿಯಾನಿ. ಜಯನಗರದ ಶಿವಾಜಿ ಮಿಲಿಟರಿ ಹೋಟೆಲ್ ಈ ಪೈಕಿ ಹೆಸರಾದದ್ದು. ತಡವಾಗಿ ಹೋದರೆ ಮಿಲಿಟರಿ ಹೋಟೆಲಿನಲ್ಲಿ ಬೇಕಾದದ್ದು ಖಾಲಿಯಾಗಿರುತ್ತದೆ. ಮಧ್ಯಾಹ್ನ ಒಂದು ಗಂಟೆಗೆ ಮುಂಚೆಯೇ ಹೋಗಿ. ದಿನದ ಮಾಂಸ ದಿನವೇ ಮುಗಿಯುತ್ತದೆ ಎಂಬ ಭರವಸೆಯೂ ಅದರಲ್ಲೇ ಇದೆ.

ಸಸ್ಯಾಹಾರಿಗಳು ಖಾನಾವಳಿಗಳನ್ನು ಮರೆಯಬಾರದು. ಉತ್ತರ ಕರ್ನಾಟಕದಿಂದ ಬಂದವರು ನಡೆಸುವ ಇವುಗಳಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ, ಮೊಸರು ಸಿಗುತ್ತವೆ. ‘ಬಸವೇಶ್ವರ ಖಾನಾವಳಿ’ ಎಂಬ ಹೆಸರಿನವು ಊರೆಲ್ಲ ಇವೆ, ಒಂದಕ್ಕೊಂದು ಸಂಬಂಧವಿರಬೇಕೆಂದಿಲ್ಲ. ಹೆಸರನ್ನು ಬಿಟ್ಟು ಒಲೆಯನ್ನು ನೋಡಿ: ರೊಟ್ಟಿ ಬಡಿಯುವ ಸದ್ದು ಹೊರಗೆ ಕೇಳಿಸುತ್ತಿದ್ದರೆ ಒಳಗೆ ಹೋಗಿ.

‘ಊಟ’ ಎಂದು ಬರೆದಲ್ಲೆಲ್ಲ ಅರ್ಥ ಒಂದೇ ಅಲ್ಲ. ಅನ್ನ, ಸಾರು ಎಷ್ಟು ಸಲ ಬಡಿಸುತ್ತಾರೆ, ಚಪಾತಿ ಅಥವಾ ಮುದ್ದೆ ಎಷ್ಟು, ಇಬ್ಬರು ಹಂಚಿಕೊಳ್ಳಬಹುದೇ ಎಂದು ಟೋಕನ್ನಿಗೆ ಮುಂಚೆಯೇ ಕೇಳಿ. ಹೆಂಗಸರು ಮಕ್ಕಳೊಂದಿಗೆ ಬಂದಾಗ ಒಂದು ಪೂರ್ತಿ ಊಟ, ಒಂದು ತಟ್ಟೆ ಅನ್ನ ಸಾರು ತೆಗೆದುಕೊಂಡರೆ ಮೂವರಿಗೆ ಸಾಕಾಗುತ್ತದೆ.

ಆಸ್ಪತ್ರೆಯ ದಿನಗಳು

ಇದನ್ನು ಬರೆಯುವುದಕ್ಕಾಗಿಯೇ ನಾನು ಈ ಮಾರ್ಗದರ್ಶಿಗೆ ಕೈ ಹಾಕಿದೆ. ರೋಗಿಯ ಜೊತೆಗಿರುವವರು ಉಣ್ಣದೆ ಇರಬಾರದು. ಮೂರನೆಯ ದಿನಕ್ಕೆ ತಲೆ ಸುತ್ತಿ ಅವರೇ ಬಿದ್ದರೆ ಔಷಧಿ ತರುವವರು ಯಾರು?

ಮೊದಲ ಆಸರೆ ಇಂದಿರಾ ಕ್ಯಾಂಟೀನ್. 2017ರ ಆಗಸ್ಟ್ 16ರಂದು ಬೆಂಗಳೂರಿನಲ್ಲಿ ಆರಂಭವಾದ ಈ ಕ್ಯಾಂಟೀನುಗಳಲ್ಲಿ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ. ನಮ್ಮ ತುಮಕೂರಿನಲ್ಲೂ ಇರುವುದರಿಂದ ಪದ್ಧತಿ ಪರಿಚಿತವೇ. ಹಾಕುವ ಅಳತೆ ನಿಗದಿಯಾಗಿರುತ್ತದೆ, ಮಾಡಿದ ಅಡುಗೆ ಮುಗಿದರೆ ಮುಗಿಯಿತು. ಊಟ ಶುರುವಾಗುವ ಹೊತ್ತಿಗೇ ಸಾಲಿನಲ್ಲಿರಿ. ಅಲ್ಲಿ ನಿಲ್ಲಲು ನಾಚಿಕೆ ಪಡುವವರನ್ನು ಕಂಡಿದ್ದೇನೆ. ಸಿದ್ಧಗಂಗೆಯ ದಾಸೋಹದಲ್ಲಿ ಜಾತಿ ಅಂತಸ್ತು ನೋಡದೆ ಪಂಕ್ತಿಯಲ್ಲಿ ಕೂತು ಉಂಡ ಜಿಲ್ಲೆಯವರು ನಾವು. ಅನ್ನದ ಸಾಲಿನಲ್ಲಿ ನಿಲ್ಲಲು ನಮಗೇಕೆ ನಾಚಿಕೆ?

ವಿಕ್ಟೋರಿಯಾ, ವಾಣಿವಿಲಾಸ, ಮಿಂಟೋ ಆಸ್ಪತ್ರೆಗಳಲ್ಲಿದ್ದರೆ ಕೃಷ್ಣರಾಜೇಂದ್ರ ಮಾರುಕಟ್ಟೆ ಪಕ್ಕದಲ್ಲೇ ಇದೆ. ಬೆಳಗಿನ ಜಾವವೇ ಹೂವು ತರಕಾರಿಯ ವ್ಯಾಪಾರಿಗಳಿಗಾಗಿ ಬಿಸಿ ತಿಂಡಿ ಸಿದ್ಧವಿರುತ್ತದೆ, ಹಣ್ಣೂ ಅಲ್ಲೇ ಅಗ್ಗ. ನಿಮ್ಹಾನ್ಸ್ ಮತ್ತು ಕಿದ್ವಾಯಿ ಅಕ್ಕಪಕ್ಕದಲ್ಲಿವೆ; ಹೊಸೂರು ರಸ್ತೆಯ ಗೇಟಿನ ಎದುರೇ ನಿಲ್ಲದೆ ಲಕ್ಕಸಂದ್ರ, ವಿಲ್ಸನ್ ಗಾರ್ಡನ್ ಕಡೆಯ ಒಳರಸ್ತೆಗಳಿಗೆ ಹೋಗಿ. ಜಯದೇವ ಹೃದ್ರೋಗ ಸಂಸ್ಥೆಗೆ ಈಗ ಹಸಿರು ಮಾರ್ಗದಲ್ಲಿ ಆರ್.ವಿ. ರಸ್ತೆಯವರೆಗೆ ಹೋಗಿ, 2025ರ ಆಗಸ್ಟಿನಲ್ಲಿ ಶುರುವಾದ ಹಳದಿ ಮಾರ್ಗಕ್ಕೆ ಬದಲಾಯಿಸಬಹುದು. ದುಡ್ಡು ಪೂರ್ತಿ ಮುಗಿದ ದಿನವೂ ಒಂದು ಬಾಗಿಲು ತೆರೆದಿರುತ್ತದೆ: ಹಲಸೂರು ಕೆರೆಯ ಬಳಿಯ ಸಿಖ್ಖರ ಗುರುದ್ವಾರದ ಲಂಗರ್, ಅಂದರೆ ಎಲ್ಲರಿಗೂ ಉಚಿತವಾಗಿ ಬಡಿಸುವ ಊಟ. ತಲೆಗೆ ವಸ್ತ್ರ ಸುತ್ತಿ, ಚಪ್ಪಲಿ ಬಿಟ್ಟು, ನೆಲದ ಮೇಲೆ ಕೂರಬೇಕು. ಯಾರೆಂದು ಯಾರೂ ಕೇಳುವುದಿಲ್ಲ.

ರೋಗಿಗೆ ಹೊರಗಿನಿಂದ ಏನನ್ನಾದರೂ ತರುವ ಮೊದಲು ದಾದಿಯರನ್ನು ಕೇಳಿ. ಸಪ್ಪೆ ಇಡ್ಲಿ, ಗಂಜಿ, ಮಜ್ಜಿಗೆ ಅನ್ನವನ್ನು ಬೇಡಿದರೆ ಬಹಳ ಹೋಟೆಲಿನವರು ಮಾಡಿಕೊಡುತ್ತಾರೆ. ‘ಆಸ್ಪತ್ರೆಗೆ’ ಎಂದು ಹೇಳಿದಾಗ ಖಾರ ಹಾಕದೆ ಪ್ರತ್ಯೇಕವಾಗಿ ತೆಗೆದಿಟ್ಟು ಕೊಟ್ಟ ಒಬ್ಬ ಅಡುಗೆಯವರ ಮುಖ ನನಗೆ ಇವತ್ತಿಗೂ ಮರೆತಿಲ್ಲ.

ಮೊಬೈಲಿನ ನಕ್ಷೆ ಮತ್ತು ಬಿಲ್ಲು

ನಕ್ಷೆಯಲ್ಲಿ ಹುಡುಕುವಾಗ ‘ಮುದ್ದೆ ಊಟ’, ‘ಖಾನಾವಳಿ’, ‘ಮೆಸ್’ ಎಂದು ಕನ್ನಡದಲ್ಲೇ ಬರೆಯಿರಿ. ನಕ್ಷತ್ರಗಳಿಗಿಂತ ಇತ್ತೀಚೆಗೆ ಜನ ಹಾಕಿದ ಚಿತ್ರಗಳು ಮುಖ್ಯ; ಅವುಗಳಲ್ಲಿ ದರಪಟ್ಟಿಯ ಫೋಟೊ ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಹೊಗಳಿಕೆ ಬಿಟ್ಟು ಒಂದು ನಕ್ಷತ್ರದ ದೂರುಗಳನ್ನು ಓದಿ. ‘ಕೂರಲು ಜಾಗವಿಲ್ಲ’ ಎಂಬ ದೂರು ನಮಗೆ ಶುಭಸೂಚನೆ. ‘ಹೊಟ್ಟೆ ಕೆಟ್ಟಿತು’ ಎಂದು ಎರಡು ಮೂರು ಜನ ಬರೆದಿದ್ದರೆ ಬಿಟ್ಟುಬಿಡಿ.

ಬಿಲ್ಲನ್ನು ಓದದೆ ದುಡ್ಡು ಕೊಡಬೇಡಿ. ಸಾಮಾನ್ಯ ಹೋಟೆಲಿನಲ್ಲಿ ಜಿಎಸ್‌ಟಿ ಶೇ 5. ವಹಿವಾಟಿನ ಮೇಲೆ ಸರಳ ತೆರಿಗೆ ಕಟ್ಟುವ ಕಾಂಪೋಸಿಷನ್ ಯೋಜನೆಯಲ್ಲಿರುವ ಸಣ್ಣ ಹೋಟೆಲುಗಳು ಗಿರಾಕಿಯಿಂದ ಪ್ರತ್ಯೇಕವಾಗಿ ಜಿಎಸ್‌ಟಿ ವಸೂಲಿ ಮಾಡುವಂತೆಯೇ ಇಲ್ಲ. ಸೇವಾ ಶುಲ್ಕ ಕಡ್ಡಾಯವಲ್ಲ. ಬಿಲ್ಲಿಗೆ ತಾನಾಗಿಯೇ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಸೂಚಿಸಿದೆ. ಮೃದುವಾಗಿ ‘ಇದನ್ನು ತೆಗೆದುಬಿಡಿ’ ಎನ್ನಿ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಸಂಜೆ, ಹಿಂದಿರುಗುವ ಮುನ್ನ

ಕೆಲಸ ಬೇಗ ಮುಗಿದರೆ ನ್ಯಾಷನಲ್ ಕಾಲೇಜು ನಿಲ್ದಾಣದಿಂದ ಸಜ್ಜನ್‌ರಾವ್ ವೃತ್ತದ ಬಳಿಯ ವಿ.ವಿ. ಪುರದ ತಿಂಡಿ ಬೀದಿಗೆ ನಡೆದು ಹೋಗಿ. ದೀಪ ಹಚ್ಚುವ ಹೊತ್ತಿಗೆ ಅದು ಜೀವ ತುಂಬಿಕೊಳ್ಳುತ್ತದೆ. ಮೊದಲು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಏನೂ ಕೊಳ್ಳದೆ ನಡೆಯಿರಿ, ವಾಪಸು ಬರುವಾಗ ಆರಿಸಿ. ಪ್ರತಿ ಅಂಗಡಿಯಲ್ಲೂ ಒಂದೇ ಪ್ಲೇಟು, ಇಬ್ಬರಿಗೆ. ಚಳಿಗಾಲದಲ್ಲಿ ಅವರೆಯ ಸೊಗಡು ಬೀದಿಗೆಲ್ಲ ಹರಡಿರುತ್ತದೆ. ಅವರೆಕಾಳಿನ ದೋಸೆ, ಹಿತಕಿದ ಬೇಳೆಯ ತಿನಿಸುಗಳನ್ನು ಬಿಡಬೇಡಿ. ಹಸಿ ಚಟ್ನಿ, ನೀರು ಬೆರೆತ ಪಾನಕಗಳನ್ನು ಪ್ರಯಾಣದ ದಿನ ನಾನು ಮುಟ್ಟುವುದಿಲ್ಲ, ಮುಂದೆ ಎರಡು ಗಂಟೆಯ ಬಸ್ಸಿದೆ.

ಮನೆಗೆ ಒಯ್ಯುವುದಾದರೆ ದೋಸೆ ಕಟ್ಟಿಸಬೇಡಿ, ನೆಲಮಂಗಲ ದಾಟುವಷ್ಟರಲ್ಲಿ ಚರ್ಮವಾಗಿರುತ್ತದೆ. ಕಾಂಗ್ರೆಸ್ ಕಡಲೆಬೀಜ ತನ್ನಿ. ಕರಿಬೇವು, ಖಾರ ಬೆರೆತ ಆ ಕಡಲೆಬೀಜ ಡಬ್ಬಿಯಲ್ಲಿ ಹದಿನೈದು ದಿನ ಗರಿಗರಿಯಾಗಿ ಇರುತ್ತದೆ. ಅಮ್ಮ ಗುಣವಾಗಿ ಮನೆಗೆ ಬಂದ ಮೇಲೆ ಪ್ರತಿ ಸಲವೂ ನನ್ನಿಂದ ಅದನ್ನೇ ತರಿಸುತ್ತಿದ್ದಳು.